ಪದವೀಧರರ ಮುಂದಿನ ದಾರಿ



1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಂದಿನಿಂದ ಪದವೀಧರರ ಹೆಸರುಗಳು ಅದರ ದಫ್ತರಗಳನ್ನು ಸೇರುತ್ತಲಿವೆ. ಆದರೆ ಹೊಲವನ್ನಡವಿಟ್ಟು ಮಗನನ್ನೋದಿಸುವ ಚಿಕ್ಕಯ್ಯನಛತ್ರದ ರೈತನು ಕೇಳುವುದು, ಓದಿದವರು ಮುಂದೇನಾದರು ಎಂಬುದನ್ನು. ಇದಕ್ಕೆ ಆ ದಫ್ತರವೊಂದೇ ಉತ್ತರ ಕೊಡಲಾರದು.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸದ ದಾಖಲೆಗಳನ್ನು ತೆರಿಗೆಯ ದಾಖಲೆಗಳೊಡನೆ ಜೋಡಿಸಿ, ಪದವಿಯಾದ 1, 3, 5 ವರ್ಷಗಳ ತರುವಾಯದ ಉದ್ಯೋಗ, ಸಂಪಾದನೆಗಳ ಲೆಕ್ಕವನ್ನು 2016ರಿಂದ ಪ್ರಕಟಿಸುತ್ತಿರುವರು. ಭಾರತದಲ್ಲಿ ಇಡಲಾಗುವ ಭವಿಷ್ಯನಿಧಿಯ ದಾಖಲೆಗಳು ಇಂತಹ ಕಾರ್ಯಕ್ಕೆ ನೆರವಾಗಬಲ್ಲವು. ಆದರೆ ಅವುಗಳಲ್ಲಿ ಸಂಬಳಗಾರರು ಮಾತ್ರ ಕಾಣುವರು. ಬೇಸಾಯಕ್ಕೆ ಮರಳಿದ ಪದವೀಧರನೂ, ಮನೆವಾರ್ತೆಯನ್ನು ಹೊತ್ತ ಪದವೀಧರೆಯೂ ಕಾಣರು. ಅವರದೂ ಕಾಯಕವೇ ಅಲ್ಲವೇ? ಲೆಕ್ಕದಲ್ಲಿ ಕಾಣದವರನ್ನು ನಿರುದ್ಯೋಗಿಗಳೆಂದೆಣಿಸುವುದು ಅನ್ಯಾಯವು.

ಆದುದರಿಂದ ಹೆಸರುಗಳನ್ನು ಗೋಪ್ಯವಾಗಿರಿಸಿ, ಕಾಣದವರ ಮನೆಬಾಗಿಲಿಗೂ ಹೋಗಿ ವಿಚಾರಿಸತಕ್ಕದ್ದು. ಆಗಲೇ ಆ ರೈತನಿಗೆ ಸತ್ಯವಾದ ಉತ್ತರವು ದೊರೆಯುವುದು.