ಅಂಗವಿಕಲರ ನಿತ್ಯಜೀವನವೂ ಮಠಗಳ ಕರ್ತವ್ಯವೂ
(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಪಾಠಶಾಲೆಯಲ್ಲಿ ಕಾರಕಪ್ರಕರಣವನ್ನು ಓದಿದವರಿಗೆಲ್ಲ ಪಾಣಿನಿಮಹರ್ಷಿಯ ಒಂದು ಸಣ್ಣ ವಿಧಿಯು ನೆನಪಿನಲ್ಲಿರುವುದು. ಯಾವ ಅಂಗದ ವಿಕಾರದಿಂದ ಮನುಷ್ಯನು ವಿಕಲನೆಂದು ಗುರುತಿಸಲ್ಪಡುವನೋ ಆ ಅಂಗವಾಚಕವಾದ ಶಬ್ದಕ್ಕೆ ತೃತೀಯಾ ವಿಭಕ್ತಿಯು ಬರತಕ್ಕದ್ದೆಂಬುದೇ ಅದರ ತಾತ್ಪರ್ಯ. ಕಣ್ಣಿನಿಂದ ಕುರುಡನು, ಕಾಲಿನಿಂದ ಕುಂಟನು ಎಂದು ಹೇಳುವುದು ಈ ವಿಧಿಯ ಪ್ರಕಾರ. ವೈಯಾಕರಣನ ಜಾಗರೂಕತೆಯನ್ನು ಇಲ್ಲಿ ಗಮನಿಸಬೇಕು. ಕೊರತೆಯು ಯಾವ ಅಂಗದ್ದೋ ಅದರ ಹೆಸರನ್ನು ಹೇಳಿ ಅಲ್ಲಿಗೇ ನಿಲ್ಲಿಸುತ್ತಾನೆ. ಲೋಕವಾದರೋ ನಿಲ್ಲಿಸುವುದಿಲ್ಲ. ಕಣ್ಣಿಲ್ಲದವನ ಎದುರಿನಲ್ಲಿ, ಅವನಿಗೆ ಕಿವಿಯೂ ಇಲ್ಲವೆಂಬಂತೆ ಗಟ್ಟಿಯಾಗಿ ಕೂಗಿ ಮಾತನಾಡುತ್ತದೆ. ಕಾಲು ಸ್ವಾಧೀನವಿಲ್ಲದ ಹೆಣ್ಣುಮಗಳು ಬಟ್ಟೆಯಂಗಡಿಗೆ ಹೋದರೆ, ಸೀರೆಯ ಬಣ್ಣ ಯಾವುದಿರಲಿ ಎಂದು ಆಕೆಯ ಅಣ್ಣನನ್ನು ಕೇಳುತ್ತದೆ. ಮಾತು ಬಾರದ ಹುಡುಗನನ್ನು ಬುದ್ಧಿಯಿಲ್ಲದವನೆಂದು ಬಗೆದು ದನ ಕಾಯಲು ಕಳುಹಿಸುತ್ತದೆ. ಒಂದು ಅಂಗದ ಕೊರತೆಯನ್ನು ಸರ್ವಾಂಗಕ್ಕೂ ಹಬ್ಬಿಸುವುದನ್ನು ತಾರ್ಕಿಕರು ಅತಿವ್ಯಾಪ್ತಿದೋಷವೆಂದು ಕರೆದಾರು. ಅಂಗವಿಕಲರ ಬದುಕಿನ ಅರ್ಧ ಕಷ್ಟಕ್ಕೆ ಈ ದೋಷವೇ ಮೂಲ. ಇನ್ನರ್ಧವು ಕಲ್ಲು ಗಾರೆಗಳಲ್ಲಿದೆ. ಅದನ್ನು ಮುಂದೆ ಹೇಳಲಾಗುವುದು.

2011ನೆಯ ಇಸವಿಯ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆಯು 13 ಲಕ್ಷ 24 ಸಾವಿರಕ್ಕೂ ಮಿಗಿಲು; ಸಮಗ್ರ ಭಾರತದಲ್ಲಿ 2 ಕೋಟಿ 68 ಲಕ್ಷ. ಆ ಗಣತಿಯಲ್ಲಿ ಎಂಟು ವಿಂಗಡಣೆಗಳಿದ್ದುವು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಎಣಿಸುವುದರಿಂದ ನಿಜವಾದ ಸಂಖ್ಯೆಯು ಇನ್ನೂ ಹಿರಿದೆಂದೇ ಊಹಿಸಬೇಕು. ಇಷ್ಟು ಜನರು ಜಾತ್ರೆಯಲ್ಲಿ, ಪ್ರವಚನದಲ್ಲಿ, ಪ್ರಸಾದದ ಪಂಕ್ತಿಯಲ್ಲಿ ಕಣ್ಣಿಗೆ ಬೀಳುವುದಿಲ್ಲವಲ್ಲ, ಎಲ್ಲಿರುವರು? ಮನೆಯಲ್ಲಿರುವರು. ಅವರು ಬಾರದಿರುವುದು ಭಕ್ತಿಯ ಕೊರತೆಯಿಂದಲ್ಲ.

ಹೆಸರಿನ ವಿಷಯದಲ್ಲಿಯೂ ಎರಡು ಮಾತು ಅವಶ್ಯವಾಗಿದೆ. ರಾಜ್ಯಸರ್ಕಾರದ ಇಲಾಖೆಯು ‘ವಿಕಲಚೇತನ’ರೆಂಬ ಪದವನ್ನು ಹೊತ್ತಿದೆ. ಸದುದ್ದೇಶದಿಂದ ಹುಟ್ಟಿದ ಪದವಾದರೂ ಸಮಾಸವನ್ನು ಬಿಡಿಸಿದರೆ ಚೇತನವೇ ವಿಕಲವಾದವರೆಂಬ ಅರ್ಥವು ಬರುವುದು. ಬಹುವ್ರೀಹಿಯಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಚೇತನವು ವಿಕಲವಾಗುವುದೆಂದು ಯಾವ ಶರಣನು ತಾನೇ ಒಪ್ಪಿಯಾನು? 2015ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಆಕಾಶವಾಣಿಯ ಭಾಷಣದಲ್ಲಿ ‘ದಿವ್ಯಾಂಗ’ವೆಂಬ ಶಬ್ದವನ್ನು ಸೂಚಿಸಿದರು. ಅಂಗವು ದಿವ್ಯವೆಂದ ಮೇಲೆ ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರೇಕೆ ಎಂದು ಕೇಳುವವರು ಹುಟ್ಟಿಕೊಂಡಾರೆಂಬ ಆಕ್ಷೇಪಣೆಯು ಅಂಗವಿಕಲರಿಂದಲೇ ಬಂದಿತು. ‘ಅಂಗವಿಕಲ’ವೆಂಬ ಹಳೆಯ ಮಾತು ಮಹರ್ಷಿಯ ವಿಧಿಗೆ ಸಮೀಪವಾಗಿರುವುದರಿಂದ ಈ ಉಪನ್ಯಾಸದಲ್ಲಿ ಅದನ್ನೇ ಇಟ್ಟುಕೊಳ್ಳಲಾಗಿದೆ. ಹೆಸರು ತಿಳಿದಲ್ಲಿ ಹೆಸರಿನಿಂದಲೇ ಕರೆಯುವುದು ಎಲ್ಲಕ್ಕಿಂತಲೂ ಲೇಸು.

ಮಠಗಳಿಗೂ ಈ ವಿಷಯಕ್ಕೂ ಇರುವ ಸಂಬಂಧವನ್ನು ಹೇಳುವಾಗ ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಮುಂದೆ ಹೋಗಲಾಗದು. 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಬಾಲಕನಿಗೆ ಹುಟ್ಟುಗಣ್ಣಿರಲಿಲ್ಲ. ಅವನ ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಇಬ್ಬರು ಕುರುಡು ಮಕ್ಕಳಿರುವ ಬಡ ಜಂಗಮರ ಮನೆಯ ಮುಂದೆ ಊರಿನ ಜನರು ಏನು ಆಡಿಕೊಂಡಿರಬಹುದೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಈ ಮಕ್ಕಳಲ್ಲಿ ಕಂಡುದು ಅವರ ಕಂಠವನ್ನು. ಅಯ್ಯೋ ಪಾಪವೆಂದು ಒಂದು ಹೊತ್ತಿನ ಅನ್ನವನ್ನಿಕ್ಕಿ ಕಳುಹಿಸಿದ್ದರೆ ಆ ದಿನದ ಪುಣ್ಯವು ಆ ದಿನಕ್ಕೇ ತೀರುತ್ತಿದ್ದಿತು. ಶ್ರೀಗಳವರು ಹಾಗೆ ಮಾಡಲಿಲ್ಲ. ಗುರುಗಳನ್ನು ಒದಗಿಸಿದರು, ವರ್ಷಗಟ್ಟಲೆ ಕಲಿಯುವುದಕ್ಕೆ ಬೇಕಾದ ಅನ್ನಾಶ್ರಯಗಳನ್ನು ಒದಗಿಸಿದರು. ಗದಿಗೆಯ್ಯನು ದಾಕ್ಷಿಣಾತ್ಯ ಸಂಗೀತವನ್ನು ಕಲಿತ ಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದೂಸ್ಥಾನೀ ಪದ್ಧತಿಯನ್ನೂ ಸಾಧಿಸಿ ಪಂಚಾಕ್ಷರಿ ಗವಾಯಿಗಳಾದರು.

ಇಲ್ಲಿ ಸೂಕ್ಷ್ಮವಾಗಿ ವಿಚಾರಿಸತಕ್ಕ ಒಂದಂಶವಿದೆ. ಸಂಗೀತವಿದ್ಯೆಯು ಗುರುಮುಖವಿದ್ಯೆ. ಗುರುವು ಹಾಡುತ್ತಾನೆ, ಶಿಷ್ಯನು ಕೇಳಿ ಹೇಳುತ್ತಾನೆ, ಪುಸ್ತಕದ ಗೊಡವೆಯಿಲ್ಲ. ಕಣ್ಣಿಲ್ಲದವನು ಒಳಗೆ ಬರಲು ಆ ವಿದ್ಯೆಯ ಬಾಗಿಲು ಮೊದಲಿನಿಂದಲೂ ತೆರೆದೇ ಇದ್ದಿತು. ಅಮರಕೋಶವನ್ನು ಕಂಠಪಾಠ ಮಾಡಿಸುತ್ತಿದ್ದ ಹಳೆಯ ಪಾಠಶಾಲೆಗಳ ಕ್ರಮವೂ ಇಂಥದೇ. ಬಾಗಿಲು ತೆರೆದಿದ್ದಲ್ಲಿ ಕುರುಡನು ಪಂಡಿತನಾದನು, ಮುಚ್ಚಿದ್ದಲ್ಲಿ ಭಿಕ್ಷುಕನಾದನು. ಅವನ ಕಣ್ಣಿನಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ. ಗದಗಿನ ಆಶ್ರಮದ ಚರಿತ್ರೆಯಲ್ಲಿ ಮಠದವರು ಕಲಿಯಬೇಕಾದುದು ಇದೇ ಆಗಿದೆ.

ಅಂಧರಿಗೆ ಮಾತ್ರ ಮೀಸಲಾದ ಕೊಟ್ಟಿಗೆಯಾಗಿ ಆ ಆಶ್ರಮವು ಬೆಳೆಯಲಿಲ್ಲವೆಂಬುದೂ ಮುಖ್ಯವಾದುದು. ಹಿಂದೂಸ್ಥಾನೀ ಗಾಯನದಲ್ಲಿ ಹೆಸರಾದ ಬಸವರಾಜ ರಾಜಗುರುಗಳು ಕಣ್ಣುಳ್ಳವರು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳ ಪಾದದ ಬಳಿಯಲ್ಲಿ ಕುಳಿತು ಕಲಿತವರು. ಕೊಡುವವನು ಯಾರು, ಪಡೆಯುವವನು ಯಾರು ಎಂಬ ಲೋಕದ ಲೆಕ್ಕವು ಅಲ್ಲಿ ತಲೆಕೆಳಗಾಯಿತು. ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ತರುವಾಯ ಆಶ್ರಮದ ಭಾರವನ್ನು ಹೊತ್ತವರು 1914ರಲ್ಲಿ ಜನಿಸಿ ಎಳೆತನದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು. ನಾಟಕ ಮಂಡಳಿಯನ್ನು ನಡೆಯಿಸಿ ಅದರ ಉತ್ಪನ್ನದಿಂದ ನೂರಾರು ಮಕ್ಕಳ ಊಟವನ್ನು ಸಾಗಿಸಿದರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥರಚನೆ ಮಾಡಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಬರವಣಿಗೆಗೆ ಅವರಿಗೆ ನೆರವಾದುದು ಬ್ರೈಲ್ ಲಿಪಿ. ಫ್ರಾನ್ಸ್ ದೇಶದ ಲೂಯಿ ಬ್ರೈಲನು 1809ರಲ್ಲಿ ಹುಟ್ಟಿ, ಮೂರನೆಯ ವಯಸ್ಸಿನಲ್ಲಿ ತಂದೆಯ ಚರ್ಮಗೆಲಸದ ಉಪಕರಣವು ತಗಲಿ ಕಣ್ಣನ್ನು ಕಳೆದುಕೊಂಡು, ಹದಿನೈದರ ಪ್ರಾಯದಲ್ಲಿ ಆರು ಚುಕ್ಕೆಗಳ ಈ ಲಿಪಿಯನ್ನು ಕಟ್ಟಿದನು. ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತೀ ಬ್ರೈಲ್ ಪದ್ಧತಿಯು 1951ರಲ್ಲಿ ನಿಶ್ಚಿತವಾಯಿತು. ಅದರಲ್ಲಿ ಕನ್ನಡದ ಕಕಾರಕ್ಕೂ ನಾಗರಿಯ ಕಕಾರಕ್ಕೂ ಒಂದೇ ಗುರುತು. ಒತ್ತಕ್ಷರವು ಕೆಳಗಿಳಿಯದೆ ಸಾಲಿನಲ್ಲಿಯೇ ನಡೆಯುವುದು. ಕಣ್ಣಿನಿಂದ ಓದುವವರು ಲಿಪಿಭೇದಕ್ಕಾಗಿ ಜಗಳವಾಡುತ್ತಿರುವಾಗ ಬೆರಳಿನಿಂದ ಓದುವವರಿಗೆ ಏಕಲಿಪಿಯು ಸಿದ್ಧವಾಗಿದ್ದುದು ವಿನೋದವೇ ಸರಿ.

ಆದರೆ ಗದಗಿನ ಕೀರ್ತಿಯನ್ನು ಜನರು ತಪ್ಪಾಗಿ ಓದಿದ್ದೂ ಉಂಟು. ಕಣ್ಣಿಲ್ಲದ ಮಗು ಹುಟ್ಟಿದರೆ ಹಾರ್ಮೋನಿಯಮ್ಮಿನ ಮುಂದೆ ಕೂರಿಸುವುದೊಂದೇ ದಾರಿಯೆಂದು ಬಗೆಯುವವರು ಈಗಲೂ ಇದ್ದಾರೆ. ಕಣ್ಣಿದ್ದವರೆಲ್ಲರೂ ಚಿತ್ರಕಾರರಾಗುವರೇನು? ಶ್ರುತಿ ಹಿಡಿಯಲಾರದ ಕುರುಡು ಹುಡುಗನಿಗೆ ಗಣಿತದಲ್ಲಿ ಆಸಕ್ತಿಯಿರಬಹುದು, ಧರ್ಮಶಾಸ್ತ್ರದಲ್ಲಿಯೋ ನ್ಯಾಯಶಾಸ್ತ್ರದಲ್ಲಿಯೋ ಇರಬಹುದು. ದೃಷ್ಟಿಯಿಲ್ಲವೆಂಬ ಕಾರಣದಿಂದ ನ್ಯಾಯಾಧೀಶನ ಹುದ್ದೆಯಿಂದ ಯಾರನ್ನೂ ದೂರವಿಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚಿ 3ರಂದು ತೀರ್ಪು ಕೊಟ್ಟಿದೆ. ಪಂಚಾಕ್ಷರಿ ಗವಾಯಿಗಳು ಶ್ರೇಷ್ಠರಾದುದು ಗಾಯಕರಾಗಿ. ಕಣ್ಣಿಲ್ಲದೆಯೂ ಹಾಡಿದರೆಂಬುದಕ್ಕಾಗಿ ಅಲ್ಲ.

ಚಿತ್ರಪಟ, ನಾಟಕ, ವೃತ್ತಪತ್ರಿಕೆಗಳು ಈ ಅಂತರವನ್ನು ಅನೇಕ ವೇಳೆ ಅರಿಯವು. ಅವುಗಳಲ್ಲಿ ಅಂಗವಿಕಲನಿಗೆ ಮೂರೇ ವೇಷಗಳು: ಪಾಪದ ಫಲವನ್ನುಣ್ಣುವ ದುಷ್ಟನು, ಕಣ್ಣೀರು ತರಿಸುವ ದೀನನು, ಇಲ್ಲವೇ ನಗೆ ಹುಟ್ಟಿಸುವ ವಿದೂಷಕನು. ಶಕುನಿಯು ಕುಂಟುವುದು ದೂರದರ್ಶನದ ಧಾರಾವಾಹಿಯಲ್ಲಿ. ವ್ಯಾಸಭಾರತದಲ್ಲಿ ಅವನ ಕಾಲಿಗೆ ಏನೂ ಆಗಿಲ್ಲ. ದುಷ್ಟನೆಂಬುದು ಪ್ರೇಕ್ಷಕರಿಗೆ ಬೇಗ ತಿಳಿಯಲೆಂದು ಯಾರೋ ಅವನ ಕಾಲನ್ನು ಮುರಿದರು. ಧೃತರಾಷ್ಟ್ರನಿಗೆ ಅಂಧತ್ವದ ಕಾರಣದಿಂದ ಮೊದಲು ರಾಜ್ಯವು ತಪ್ಪಿತೆಂದು ಭಾರತವು ಹೇಳುವುದು ನಿಜ. ಆದರೆ ಅವನನ್ನು ಕೆಡಿಸಿದುದು ಪುತ್ರವ್ಯಾಮೋಹ. ಎರಡು ಕಣ್ಣುಳ್ಳ ತಂದೆಗಳಲ್ಲಿ ಅದೇನು ಕಡಮೆಯೇ? ಆದರೂ ವಿವೇಕವಿಲ್ಲದ ಪ್ರೀತಿಗೆ ‘ಕುರುಡು ಪ್ರೀತಿ’ಯೆಂಬ ಹೆಸರು ನಿಂತುಹೋಯಿತು.

ಒಳ್ಳೆಯ ಉದಾಹರಣೆಗಳಿಲ್ಲವೆಂದಲ್ಲ. 1964ರಲ್ಲಿ ಎನ್. ಲಕ್ಷ್ಮೀನಾರಾಯಣರು ನಿರ್ದೇಶಿಸಿದ ‘ನಾಂದಿ’ಯಲ್ಲಿ ಉಪಾಧ್ಯಾಯನ ಪಾತ್ರವನ್ನು ರಾಜಕುಮಾರರೂ, ಕಿವಿ ಕೇಳದ, ಮಾತು ಬಾರದ ಅವನ ಪತ್ನಿಯ ಪಾತ್ರವನ್ನು ಹರಿಣಿಯವರೂ ವಹಿಸಿದ್ದರು. ಆಕೆಯು ಅಲ್ಲಿ ಸಂಸಾರ ಮಾಡುವ ಗೃಹಿಣಿ. 1995ರಲ್ಲಿ ಚಿಂದೋಡಿ ಬಂಗಾರೇಶರು ಪಂಚಾಕ್ಷರಿ ಗವಾಯಿಗಳ ಚರಿತ್ರೆಯನ್ನು ತೆರೆಗೆ ತಂದರು. ಅದರ ಸಂಗೀತಕ್ಕಾಗಿ ಹಂಸಲೇಖರಿಗೂ, ಗಾಯನಕ್ಕಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿಗಳು ಬಂದುವು. 2024ರ ಜುಲೈ 8ರಂದು ಒಂದು ಹಿಂದೀ ಚಿತ್ರದ ಸಂಬಂಧವಾಗಿ ಬಂದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು, ವೈಕಲ್ಯವನ್ನು ತಿಳಿಯಲು ನೆರವಾಗುವ ಹಾಸ್ಯವೇ ಬೇರೆ, ವಿಕಲರನ್ನು ಕುಗ್ಗಿಸುವ ಹಾಸ್ಯವೇ ಬೇರೆ ಎಂದು ವಿಂಗಡಿಸಿತು. ಅವರನ್ನು ಚಿತ್ರಿಸುವವರು ಅವರ ಸಮಾಲೋಚನೆಯನ್ನು ಪಡೆಯಬೇಕೆಂದೂ ಹೇಳಿತು.

ಚಿತ್ರಪಟದವರನ್ನು ದೂರುವುದು ಸುಲಭ. ಮಠಗಳ ಉತ್ಸವಗಳಲ್ಲಿ ನಡೆಯುವುದನ್ನೂ ಸ್ವಲ್ಪ ನೋಡಬೇಕು. ಗಣ್ಯರ ಕೈಯಿಂದ ಮೂರುಗಾಲಿಯ ಗಾಡಿಗಳನ್ನು ದಾನ ಮಾಡಿಸುವಾಗ ಅಂಗವಿಕಲರನ್ನು ಸಾಲಾಗಿ ಕುಳ್ಳಿರಿಸಿ ಛಾಯಾಚಿತ್ರವನ್ನು ತೆಗೆಯುವುದು ವಾಡಿಕೆಯಾಗಿದೆ. ಮರುದಿನ ಪತ್ರಿಕೆಯಲ್ಲಿ ಕೊಟ್ಟವರ ಹೆಸರುಗಳೆಲ್ಲವೂ ಅಚ್ಚಾಗುವುವು. ಪಡೆದವನು ‘ಫಲಾನುಭವಿ’ ಮಾತ್ರ. ಮತ್ತು ಆ ಗಾಡಿಯನ್ನು ಪಡೆದವನು ಅದರಲ್ಲಿ ಕುಳಿತು ಅದೇ ಮಠದ ಗದ್ದುಗೆಯ ದರ್ಶನಕ್ಕೆ ಹೋಗಲು ದಾರಿಯುಂಟೇ? ಬಹಳ ಕಡೆಗಳಲ್ಲಿ ಇಲ್ಲ. ದಾಸೋಹಭಾವದಲ್ಲಿ ಕೊಡುವವನ ಹಮ್ಮು ಅಳಿಯಬೇಕೆಂದು ಪ್ರವಚನಗಳಲ್ಲಿ ಪ್ರತಿದಿನವೂ ಕೇಳುತ್ತಿರುವ ಸಮಾಜಕ್ಕೆ ಇದನ್ನು ಹೆಚ್ಚು ವಿವರಿಸುವುದು ಅನುಚಿತ.

ಈಗ ಕಲ್ಲು ಗಾರೆಯ ಮಾತು. 2016ರ ಕಾಯಿದೆಯು ಸಾರ್ವಜನಿಕ ಕಟ್ಟಡವೆಂದರೇನೆಂದು ಹೇಳುವಾಗ ಧಾರ್ಮಿಕ ಕಾರ್ಯಗಳಿಗೆ ಜನರು ಬಳಸುವ ಕಟ್ಟಡವನ್ನೂ ಹೆಸರಿಸಿ ಸೇರಿಸಿದೆ. ಅದು ಖಾಸಗಿಯಾದರೂ ಸರಿಯೇ. ಹಳೆಯ ಕಟ್ಟಡಗಳನ್ನು ಅಂಗವಿಕಲರಿಗೆ ಅನುಕೂಲಪಡಿಸಲು ಕೊಟ್ಟಿದ್ದ ಐದು ವರ್ಷಗಳ ಅವಧಿಯು 2022ರಲ್ಲಿ ಮುಗಿದುಹೋಯಿತು. ಕಾನೂನಿನ ಭಯದಿಂದ ಮಾಡಬೇಕಾದ ಕೆಲಸವಲ್ಲವೆನ್ನುವವರು ಅದಕ್ಕೆ ಮೊದಲೇ ಮಾಡಿರಬೇಕಾಗಿತ್ತು. ಲೆಕ್ಕವು ಕಠಿಣವಾದುದಲ್ಲ. ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು ಬೇಕು. ಅರ್ಧ ಅಡಿಯ ಆರು ಮೆಟ್ಟಿಲುಗಳುಳ್ಳ ಮಂಟಪಕ್ಕೆ ಮೂರಡಿ ಎತ್ತರ. ಇಳಿಜಾರು ಮೂವತ್ತಾರು ಅಡಿ, ಎರಡೂ ಮಗ್ಗುಲಲ್ಲಿ ಕೈಹಿಡಿ. ಮೋಟಾರು ಸೈಕಲನ್ನು ಏರಿಸಲು ಹಾಕಿದ ಕಡಿದಾದ ಸಿಮೆಂಟಿನ ಪಟ್ಟಿಯನ್ನು ತೋರಿಸಿ, ಇದೇ ಸಾಕೆನ್ನುವುದು ಗಾಲಿಕುರ್ಚಿಯವನನ್ನು ಹಿಂದಕ್ಕೆ ಉರುಳಿಸುವ ಉಪಾಯವಾದೀತು. ಮೊಣಕಾಲು ನೋವಿನ ಮುದುಕಿಯೂ, ಕಂಕುಳಲ್ಲಿ ಕೂಸುಳ್ಳ ತಾಯಿಯೂ ಅದೇ ಇಳಿಜಾರಿನಿಂದ ಏರುವರೆಂಬುದು ಕಟ್ಟಿಸಿದ ಮೇಲೆ ತಾನಾಗಿ ಕಾಣುವುದು.

ಇದಕ್ಕೆ ಎರಡು ಆಕ್ಷೇಪಣೆಗಳು ಕೇಳಿಬರುತ್ತವೆ. ಬೀದಿಯ ಧೂಳನ್ನು ತುಳಿದ ಗಾಲಿಯು ಪಾದರಕ್ಷೆಗೆ ಸಮಾನವಾದುದರಿಂದ ಒಳಗೆ ಬರಕೂಡದೆಂಬುದು ಒಂದು. ಪಾದರಕ್ಷೆಯನ್ನು ಕಳಚಿದವನಿಗೆ ಪಾದವು ಉಳಿಯುವುದು. ಗಾಲಿಯನ್ನು ಬಿಟ್ಟವನಿಗೆ ಏನು ಉಳಿಯುವುದು? ಗಾಲಿಯೇ ಅವನ ಪಾದ. ಒದ್ದೆಬಟ್ಟೆಯಿಂದ ಅದನ್ನು ಒರೆಸಿದರಾಯಿತು. ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿಮೆಯನ್ನಿತ್ತ ಮತದ ಅನುಯಾಯಿಗಳು, ಚಲಿಸುವುದಕ್ಕೆ ಬೇರೆ ಸಾಧನವಿಲ್ಲದವನ ಚಲನೆಯನ್ನೇ ಹೊಸಿಲಲ್ಲಿ ತಡೆಯುವುದು ವಿಪರೀತವಾಗಿದೆ. ಅವನವನ ಪೂರ್ವಜನ್ಮದ ಕರ್ಮಕ್ಕೆ ಯಾರೇನು ಮಾಡಲಾದೀತೆಂಬುದು ಎರಡನೆಯದು. ಕಾಲಿನ ಮಾತನ್ನು ಕರ್ಮವಾದಿಗಳು ಏನಾದರೂ ನಿರ್ಣಯಿಸಿಕೊಳ್ಳಲಿ. ಮೆಟ್ಟಿಲನ್ನಂತೂ ಪೂರ್ವಜನ್ಮದಲ್ಲಿ ಕಟ್ಟಿದುದಲ್ಲ. ಈ ಜನ್ಮದಲ್ಲಿ, ಭಕ್ತರ ಕಾಣಿಕೆಯಿಂದ, ಗವಂಡಿಯ ಕೈಯಿಂದ ಕಟ್ಟಿಸಿದುದು.

ಪ್ರಸಾದದ ಪಂಕ್ತಿಯಲ್ಲಿ ಕಾಲಿಗೆ ಉಕ್ಕಿನ ಪಟ್ಟಿ ಕಟ್ಟಿಕೊಂಡವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾರನು. ಅವನಿಗಾಗಿ ಪಂಕ್ತಿಯ ಕೊನೆಯಲ್ಲಿಯೇ ಒಂದು ಬೆಂಚನ್ನು ಹಾಕಬೇಕು. ಅಡಿಗೆಮನೆಯ ಹಿಂದಿನ ಮೂಲೆಯಲ್ಲಿ ಬೇರೆ ಬಡಿಸಕೂಡದು. ಕಣ್ಣಿಲ್ಲದವನ ಎಲೆಗೆ ಬಡಿಸುವವರು ಬಲಕ್ಕೆ ಪಲ್ಯ, ಎಡಕ್ಕೆ ಉಪ್ಪಿನಕಾಯಿ ಎಂದು ಬಾಯಿಬಿಟ್ಟು ಹೇಳಿದರೆ ಸಾಕು, ಕಾಸಿನ ಖರ್ಚಿಲ್ಲ. ಕಿವಿ ಕೇಳದವರಿಗಾಗಿ ಪ್ರವಚನದ ವೇದಿಕೆಯಲ್ಲಿ ಭಾರತೀಯ ಸಂಜ್ಞಾಭಾಷೆಯನ್ನು ಬಲ್ಲವರೊಬ್ಬರು ಬೆಳಕಿರುವಲ್ಲಿ ನಿಂತು ಕೈಸನ್ನೆಯಿಂದ ತಿಳಿಸಬಹುದು. 2015ರಲ್ಲಿ ದಿಲ್ಲಿಯಲ್ಲಿ ಸ್ಥಾಪಿತವಾದ ಸಂಶೋಧನ ಕೇಂದ್ರವು 2021ರ ಹೊತ್ತಿಗೆ ಹತ್ತು ಸಾವಿರ ಶಬ್ದಗಳ ಸಂಜ್ಞಾಕೋಶವನ್ನು ಸಿದ್ಧಪಡಿಸಿದೆ. ಕಿವುಡನ ಮುಂದೆ ಶಂಖ ಊದಿದಂತೆ ಎಂಬ ಗಾದೆಯಲ್ಲಿ ತಪ್ಪು ಊದುವವನದೇ; ಅವನು ಕೈಯನ್ನು ಉಪಯೋಗಿಸಬಹುದಾಗಿತ್ತು.

ಕೊನೆಯದಾಗಿ, ಈ ಮಹೋತ್ಸವದ ಸ್ಮರಣಗ್ರಂಥದ ವಿಷಯ. ಅಚ್ಚಾದ ಗ್ರಂಥವು ಕುರುಡರಿಗೆ ಬಿಳಿಯ ಹಾಳೆ ಮಾತ್ರ. ಈಗ ಗಣಕಯಂತ್ರವೂ ಕೈದೂರವಾಣಿಯೂ ಕನ್ನಡವನ್ನು ಗಟ್ಟಿಯಾಗಿ ಓದಿಹೇಳುತ್ತವೆ. ಆದರೆ ಅಕ್ಷರಗಳು ಯೂನಿಕೋಡ್ ಪದ್ಧತಿಯಲ್ಲಿರಬೇಕು. ಅಚ್ಚುಕೂಟಗಳಲ್ಲಿ ಬಳಕೆಯಲ್ಲಿರುವ ಹಳೆಯ ಅಕ್ಷರವಿನ್ಯಾಸಗಳಲ್ಲಿ ಜೋಡಿಸಿದರೆ ಕಣ್ಣಿಗೆ ಕನ್ನಡವೇ ಕಂಡರೂ ಯಂತ್ರದ ಬಾಯಲ್ಲಿ ಅರ್ಥವಿಲ್ಲದ ಗೊಂದಲವು ಹೊರಡುವುದು. ಪುಟಗಳ ಬರಿಯ ಛಾಯಾಚಿತ್ರವನ್ನು ಕೊಟ್ಟರಂತೂ ಯಂತ್ರಕ್ಕೆ ಅಲ್ಲಿ ಅಕ್ಷರವೇ ಕಾಣದಿರಬಹುದು. ಅಂಧರಿಗಾಗಿ ಗ್ರಂಥಗಳನ್ನು ಬೇರೆ ರೂಪದಲ್ಲಿ ಸಿದ್ಧಪಡಿಸಲು ಕೃತಿಸ್ವಾಮ್ಯದ ಕಾನೂನು 2012ರ ತಿದ್ದುಪಡಿಯಿಂದ ದಾರಿಯನ್ನು ತೆರೆದಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದುದು ಭಾರತವೇ. ಆದುದರಿಂದ ಸಂಪಾದಕ ಮಂಡಳಿಯವರು ಕರಡಚ್ಚುಗಳನ್ನು ತಿದ್ದುವ ಮೊದಲೇ ಯೂನಿಕೋಡಿನ ಒಂದು ಪ್ರತಿಯನ್ನು ಬೇರೆ ಇರಿಸುವಂತೆ ಅಚ್ಚುಕೂಟದವರಿಗೆ ತಿಳಿಸಬೇಕು. ಪಾಠಶಾಲೆಯ ವಿದ್ಯಾರ್ಥಿಗಳಲ್ಲಿ ಉಚ್ಚಾರಣೆ ಚೊಕ್ಕಟವಾಗಿರುವ ನಾಲ್ವರು ಲೇಖನಗಳನ್ನು ಹಂಚಿಕೊಂಡು ಓದಿ ಧ್ವನಿಮುದ್ರಣ ಮಾಡುವುದಾದರೆ, ಗ್ರಂಥವು ಅಚ್ಚುಕೂಟದಿಂದ ಹೊರಬೀಳುವ ದಿನವೇ ಅದೂ ಸಿದ್ಧವಾಗಿರುವುದು.