ತಂತ್ರಾಂಶದ ಗೇಣಿ

(ಶಾಲಾ ವಾರ್ಷಿಕೋತ್ಸವದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಕೆಲವು ತಿಂಗಳ ಹಿಂದೆ ನಮ್ಮ ಸಂಘದ ಸಮಿತಿಯ ಮುಂದೆ ಒಂದು ಬೆಲೆಪಟ್ಟಿ ಬಂದಿತು. ಕಚೇರಿಯ ಮೂರು ಗಣಕಯಂತ್ರಗಳನ್ನೂ ತೆಗೆದುಹಾಕಿ ಹೊಸವನ್ನು ಕೊಳ್ಳಬೇಕೆಂಬುದು ಅದರ ಸಲಹೆ. ಯಂತ್ರಗಳು ಕೆಟ್ಟಿವೆಯೇ ಎಂದರೆ, ಇಲ್ಲ. ಅವುಗಳೊಳಗಿನ ತಂತ್ರಾಂಶಕ್ಕೆ ತಯಾರಕರ ಬೆಂಬಲ ಮುಗಿದಿದೆ ಎಂಬುದೇ ಕಾರಣ. ಉಳುವ ಎತ್ತನ್ನು ಏಕೆ ಮಾರಬೇಕೆಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಅದಕ್ಕೆ ಉತ್ತರವನ್ನು ಹುಡುಕುವ ಭಾರ ನನ್ನ ಮೇಲೆ ಬಿದ್ದಿತು. ಪೋಷಕರಲ್ಲಿ ಅಂಗಡಿ, ಅಡಿಕೆ ವ್ಯಾಪಾರ, ಮುದ್ರಣಾಲಯಗಳನ್ನು ನಡೆಸುವವರು ಅನೇಕರಿರುವುದರಿಂದ, ಕಂಡುಕೊಂಡುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ತಂತ್ರಾಂಶವನ್ನು 'ಕೊಂಡೆವು' ಎನ್ನುವುದು ನಮ್ಮ ರೂಢಿ. ವಾಸ್ತವದಲ್ಲಿ ನಾವು ಕೊಳ್ಳುವುದು ಬಳಸುವ ಅನುಮತಿಯನ್ನು ಮಾತ್ರ. ಈ ಕಾಸರಗೋಡಿನ ಹಿರಿಯರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ನೆನಪಿರಬಹುದು. ಒಮ್ಮೆ ಹಣ ತೆತ್ತು ಎಂದೆಂದಿಗೂ ಬಳಸುವ ಪರವಾನಗಿಯು ಮೂಲಗೇಣಿಯಂತೆ. ವರ್ಷ ವರ್ಷವೂ ಚಂದಾ ತೆತ್ತು, ದರ ಏರಿದರೆ ಏರಿದಷ್ಟನ್ನು ಕೊಡಬೇಕಾದುದು ಚಾಲಗೇಣಿಯಂತೆ. ಹೋಲಿಕೆ ಪೂರ್ಣವಲ್ಲವೆಂಬುದನ್ನು ಬಲ್ಲೆ. ಏಕೆಂದರೆ ತಂತ್ರಾಂಶದ ಮೂಲಗೇಣಿದಾರನಿಗೂ ಒಂದು ಆಪತ್ತಿದೆ: ಗದ್ದೆಯ ಹುಣಿಯನ್ನು ಧಣಿಯೇ ಕಟ್ಟಿಕೊಡಬೇಕು, ಒಂದು ದಿನ ಅವನು ಇನ್ನು ಕಟ್ಟುವುದಿಲ್ಲವೆಂದು ಸಾರಿಬಿಡುತ್ತಾನೆ.

2015ರಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಹಾಗೆಯೇ ಆಯಿತು. ಆಫೀಸ್ 2016, 2019 ಆವೃತ್ತಿಗಳ ಬೆಂಬಲವೂ ಅಂದೇ ಮುಗಿಯಿತು. ಮರುದಿನ ಯಂತ್ರವು ಎಂದಿನಂತೆ ತೆರೆದುಕೊಂಡಿತು. ಆದುದರಿಂದಲೇ ಅನೇಕರು ಇದನ್ನು ಲಕ್ಷಿಸಲಿಲ್ಲ. ಲಕ್ಷಿಸದಿದ್ದರೆ ಏನಾಗುವುದೆಂಬುದಕ್ಕೆ 2017ರ ಸಂಗತಿಯೇ ಸಾಕು. ಆ ಮಾರ್ಚ್ ತಿಂಗಳಲ್ಲಿ ವಿಂಡೋಸಿನ ಒಂದು ದೋಷಕ್ಕೆ ಪರಿಹಾರ ಹೊರಟಿತ್ತು. ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಆ ಪರಿಹಾರವನ್ನು ಅಳವಡಿಸದ ಯಂತ್ರಗಳನ್ನು ಹೊಕ್ಕು, ಕಡತಗಳಿಗೆ ಬೀಗ ಹಾಕಿ, ಒತ್ತೆಹಣ ಕೇಳಿತು. ಸುಮಾರು 150 ದೇಶಗಳಿಗೆ ಅದು ಹಬ್ಬಿತು. ಇಂಗ್ಲೆಂಡಿನ ಆಸ್ಪತ್ರೆಗಳು ಎಷ್ಟೋ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು.

ಹಣ ತೆತ್ತು ಗಡುವನ್ನು ಮುಂದೂಡುವ ದಾರಿಯೂ ಇದೆ. ವ್ಯಾಪಾರ ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಎರಡನೆಯ ವರ್ಷ 122, ಮೂರನೆಯ ವರ್ಷ 244 ಎಂದು ಮೈಕ್ರೋಸಾಫ್ಟ್ ದರ ಕಟ್ಟಿತು. ನಡುವೆ ಸೇರುವವರು ಹಿಂದಿನ ವರ್ಷದ ಬಾಕಿಯನ್ನೂ ತೆರಬೇಕು. ಒಟ್ಟು 427 ಡಾಲರು! ಶಿಕ್ಷಣ ಸಂಸ್ಥೆಗಳಿಗಾದರೋ ಕ್ರಮವಾಗಿ 1, 2, 4 ಡಾಲರು ಮಾತ್ರ. ಈ ಅಂತರವನ್ನು ನಮ್ಮ ಬೆಲೆಪಟ್ಟಿಯಲ್ಲಿ ಯಾರೂ ಕಾಣಿಸಿರಲಿಲ್ಲ.

ಇನ್ನು ಯಂತ್ರಗಳ ವಿಚಾರ. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ರಕ್ಷಣಾ ವ್ಯವಸ್ಥೆ ಬೇಕು. ಇಂಟೆಲ್ ಸಂಸ್ಕಾರಕವಾದರೆ ಅದು ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅನಂತರದ್ದೋ ಆಗಿರಬೇಕು. ನಮ್ಮ ಮೂರರಲ್ಲಿ ಒಂದು ಎಂಟನೆಯ ಪೀಳಿಗೆಯದೇ ಆಗಿತ್ತು. ಅದರಲ್ಲಿದ್ದ ಟಿ.ಪಿ.ಎಂ. ಅನ್ನು ಯಾರೂ ಚಾಲೂ ಮಾಡಿರಲಿಲ್ಲ, ಅಷ್ಟೆ! ಹತ್ತು ನಿಮಿಷದಲ್ಲಿ ಅದು ಸರಿಯಾಯಿತು. ಹೊಸ ಆವೃತ್ತಿಯೂ ಉಚಿತವಾಗಿ ದೊರೆಯಿತು. ಲೆಕ್ಕಪತ್ರದ ತಂತ್ರಾಂಶವು ವಿಂಡೋಸಿನಲ್ಲಿ ಮಾತ್ರ ನಡೆಯುವುದರಿಂದ ಅದನ್ನು ಈ ಯಂತ್ರದಲ್ಲಿಟ್ಟೆವು.

ಉಳಿದ ಎರಡಕ್ಕೆ ದಾರಿ ತೋರಿದವರು ನಮ್ಮ ಮಕ್ಕಳೇ. ಕೇರಳದ ಶಾಲೆಗಳಲ್ಲಿ 2001ರ ಐ.ಟಿ. ಅಟ್ ಸ್ಕೂಲ್ ಯೋಜನೆಯಿಂದ ಬೆಳೆದ 'ಕೈಟ್' ಸಂಸ್ಥೆಯು ಉಬುಂಟುವನ್ನು ಆಧರಿಸಿದ ಸ್ವತಂತ್ರ ತಂತ್ರಾಂಶವನ್ನು ಹಂಚುತ್ತಿದೆ. ತರಗತಿಯಲ್ಲಿ ಮಕ್ಕಳು ನಿತ್ಯ ಬಳಸುವುದು ಅದನ್ನೇ. ಪಕ್ಕದ ಕಚೇರಿಯಲ್ಲಿ ನಾವು ಮಾತ್ರ ಪರವಾನಗಿಗಾಗಿ ಪರದಾಡುತ್ತಿದ್ದೆವು! ಅದಕ್ಕೂ ಗಡುವು ಇಲ್ಲದಿಲ್ಲ: 2022ರಲ್ಲಿ ಬಂದ ಉಬುಂಟು 22.04ರ ಸಾಮಾನ್ಯ ಬೆಂಬಲ ಐದು ವರ್ಷಗಳದು, ಎಂದರೆ 2027ರವರೆಗಿನದು. ಆದರೆ ಮುಂದಿನ ಆವೃತ್ತಿಗೆ ಹೋಗಲು ಹಣ ತೆರಬೇಕಾಗಿಲ್ಲ.

ಹಣದ ತೊಡಕು ಹೀಗೆ ಬಗೆಹರಿಯಿತು. ಕನ್ನಡದ ತೊಡಕು ಉಳಿಯಿತು. ಈ ವಾರ್ಷಿಕ ಸಂಚಿಕೆಯ ಹಳೆಯ ಲೇಖನಗಳೆಲ್ಲ ಹಿಂದಿನ ನುಡಿ, ಬರಹ ಅಕ್ಷರಗಳಲ್ಲಿ ಅಚ್ಚುಮಾಡಿದವು. ಅವುಗಳೊಳಗೆ ಇರುವುದು ರೋಮನ್ ಸಂಕೇತಗಳು. ಕನ್ನಡದ ವೇಷ ತೊಡಿಸುವುದು ಆ ಅಕ್ಷರಶೈಲಿ. ಅದಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದಾಗ ನಮ್ಮ ಹಿಂದಿನ ಮುಖ್ಯೋಪಾಧ್ಯಾಯರ ಲೇಖನವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡಿತು. ಆ ಕ್ಷಣ ನನಗೆ ನಿಜವಾಗಿಯೂ ಭಯವಾಯಿತು. ಯಂತ್ರ ಹೋದರೆ ಚಂದಾ ಎತ್ತಿ ತರಬಹುದು. ಗಡಿಯಾಚೆ ಉಳಿದ ನಾವು ಬರೆದಿಟ್ಟ ಕನ್ನಡವನ್ನು ಯಾವ ಅಂಗಡಿಯಿಂದ ತರುವುದು?

ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಇವೆ. ಆದರೆ ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪುತ್ತವೆ. ಮನುಷ್ಯರೇ ಓದಿ ತಿದ್ದಬೇಕು. ಮೂರು ಸಂಚಿಕೆಗಳು ಮುಗಿದಿವೆ, ಹದಿನಾಲ್ಕು ಬಾಕಿ ಇವೆ. ಹಳೆಯ ಯಂತ್ರಗಳಲ್ಲೊಂದನ್ನು ಅಂತರ್ಜಾಲದಿಂದ ಬಿಡಿಸಿ, ಮೂಲ ಕಡತಗಳೊಂದಿಗೆ ಹಾಗೆಯೇ ಇರಿಸಿದ್ದೇವೆ. ಕೆಲಸ ಮುಗಿಯುವ ತನಕ ಅದನ್ನು ಮುಟ್ಟುವುದಿಲ್ಲ. ಶನಿವಾರ ಅಪರಾಹ್ನ ಎರಡು ಗಂಟೆಯಿಂದ ಕಚೇರಿಯ ಬಾಗಿಲು ತೆರೆದಿರುತ್ತದೆ. ಕಾಗುಣಿತ ಬಲ್ಲ ವಿದ್ಯಾರ್ಥಿಗಳೂ, ಬಿಡುವಿರುವ ತಾಯಂದಿರೂ ಬಂದು ಕೈಗೂಡಿಸಬೇಕೆಂದು ಬೇಡಿಕೊಳ್ಳುತ್ತೇನೆ.