ಸೈಕಲ್ಲಿಗೂ ಒಂದು ಹಗ್ಗ ಕಟ್ಟಿರಿ

(ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲೂಕುಗಳ ಸದಸ್ಯರ ಸಭೆಯಲ್ಲಿ ವಿಸ್ತರಣಾ ಪಶುವೈದ್ಯಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಸೈಕಲ್ ರಿಪೇರಿ ಮಾತು ಯಾಕೆ ತೆಗೆದರು ಎಂದು ನೀವು ನಗಬಹುದು. ಮನೆಮನೆಗೆ ಮೋಟಾರ್ ಸೈಕಲ್ ಬಂದಿವೆ, ನಿಜ. ಆದರೂ ಒಂದೆರಡು ಹಸು ಕಟ್ಟಿದವರ ಹಾಲು ಹೊಲದ ಮನೆಯಿಂದ, ತಾಂಡಾದಿಂದ ಸಂಘಕ್ಕೆ ಬರಲು ಸೈಕಲ್ಲೇ ಸಾಕು. ಪೆಟ್ರೋಲ್ ಹಾಕಿದರೆ ಅಷ್ಟು ಹಾಲಿನಲ್ಲಿ ಉಳಿಯುವುದೇನು?

ಆಗ ತಾನೇ ಕರೆದ ಹಾಲು ಸುಮಾರು 37 ಡಿಗ್ರಿ ಬಿಸಿಯಿರುತ್ತದೆ. ಹಾಲು ಹುಳಿಯಾಗಿಸುವ ಸೂಕ್ಷ್ಮಜೀವಿಗಳಿಗೆ ಇದು ಹಬ್ಬದೂಟ. ಹೊತ್ತು ಹೋದಂತೆ ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುತ್ತವೆ. ಶೀತಲ ಘಟಕದಲ್ಲಿ 4 ಡಿಗ್ರಿಗೆ ಇಳಿಯುವ ತನಕ ಅವುಗಳದೇ ರಾಜ್ಯ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುವುದು ನಿಮಗೆ ಹೊಸದಲ್ಲ. ಜಾಲಿ ಮುಳ್ಳು ಚುಚ್ಚಿ ದಾರಿಯಲ್ಲೇ ಎರಡು ಮೂರು ಗಂಟೆ ನಿಂತ ಹಾಲು ಸಂಘದಲ್ಲಿ ಕುದಿಸಿ ನೋಡಿದಾಗ ಒಡೆದರೆ, ಪರೀಕ್ಷಕರ ಮೇಲೆ ಸಿಟ್ಟಾಗಿ ಫಲವಿಲ್ಲ. ಆ ದಿನದ ಹಾಲೂ ಹೋಯಿತು, ಹಿಂಡಿಯ ದುಡ್ಡೂ ಹೋಯಿತು.

ನಾನು ಸೈಕಲ್ ಕಲಿತದ್ದು 1980ರ ದಶಕದ ಕೊನೆಗೆ, ಕಾಕಾನ ದೊಡ್ಡ ಸೈಕಲ್ ಮೇಲೆ. ಸೀಟಿನ ಮೇಲೆ ಕೂತರೆ ಕಾಲು ನಿಲುಕದು. ಅಡ್ಡ ಪೈಪಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುವುದು, ಬೀಳುವುದು, ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು ಮತ್ತೆ ಏಳುವುದು. ಮಳೆಗಾಲದಲ್ಲಿ ಎರಿಮಣ್ಣು ಮಡ್‌ಗಾರ್ಡ್ ಒಳಗೆ ಕಚ್ಚಿ ಚಕ್ರವೇ ತಿರುಗುತ್ತಿರಲಿಲ್ಲ. ತೊಗರಿ ಕಟ್ಟಿಗೆಯಿಂದ ತಿವಿದರೆ ಕಟ್ಟಿಗೆ ಮುರಿಯುತ್ತಿತ್ತು. ಕೊನೆಗೆ ಸೈಕಲ್ ನಮ್ಮ ಹೆಗಲೇರುತ್ತಿತ್ತು!

ರಿಪೇರಿಗೆ ಕಾಕಾ ಅಂಗಡಿಗೆ ಹೋದದ್ದು ಕಡಿಮೆ. ದನದ ಕೊಟ್ಟಿಗೆಯ ತೊಲೆಗೆ ಎರಡು ಹಗ್ಗ ಇಳಿಬಿಟ್ಟಿದ್ದರು. ಒಂದರ ಕುಣಿಕೆ ಸೀಟಿಗೆ, ಇನ್ನೊಂದು ಹ್ಯಾಂಡಲ್ಲಿನ ನಡುವಿಗೆ. ಸೈಕಲ್ ಸೊಂಟದೆತ್ತರಕ್ಕೆ ತೂಗಾಡುತ್ತಿತ್ತು, ಎರಡೂ ಚಕ್ರ ಕೈಯಿಂದ ತಿರುಗುತ್ತಿದ್ದವು. ನಾನು ಹೇಳುವ ರಿಪೇರಿ ಸ್ಟ್ಯಾಂಡು ಇದೇ. ತೊಲೆ ಇಲ್ಲದವರು ಕವಲಿರುವ ಎರಡು ಗಟ್ಟಿ ಗೂಟಗಳನ್ನು ಒಂದೂವರೆ ಅಡಿ ಆಳಕ್ಕೆ ಹುಗಿದು, ಮೇಲೆ ಅಡ್ಡ ಗಳ ಇಟ್ಟು ಬಿಗಿಯಾಗಿ ಕಟ್ಟಬಹುದು. ಸೈಕಲ್ ತಲೆಕೆಳಗೆ ನಿಲ್ಲಿಸಿದರೆ ಬ್ರೇಕಿನ ಹಿಡಿ, ಕಂಬಿ ಬಾಗುತ್ತವೆ. ತೂಗುಹಾಕುವುದೇ ಮೇಲು.

ಚಕ್ರದ ಬೆಂಡ್ ನೋಡಲು ಕಸಬರಿಗೆ ಕಡ್ಡಿಯೊಂದನ್ನು ಫೋರ್ಕಿಗೆ ಕಟ್ಟಿ, ತುದಿ ರಿಮ್ಮಿಗೆ ಕೂದಲೆಳೆಯಷ್ಟು ದೂರವಿರುವಂತೆ ಇಡಿ. ಚಕ್ರ ತಿರುಗಿಸಿ. ರಿಮ್ಮು ಕಡ್ಡಿಗೆ ತಾಗಿದ ಕಡೆಯ ಸ್ಪೋಕು ಸಡಿಲಿಸಿ, ಎದುರು ಕಡೆಯದು ಬಿಗಿಯಿರಿ; ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಸ್ಪೋಕಿನ ಚಾವಿ ಮಾತ್ರ ಕೊಂಡೇ ತರಬೇಕು. ಟೈರು ಬಿಚ್ಚಲು ಹಳೆಯ ಸ್ಟೀಲ್ ಚಮಚದ ಹಿಡಿಯ ಅಂಚು ಕಲ್ಲಿಗೆ ಉಜ್ಜಿ ನುಣುಪು ಮಾಡಿದರೆ ಸಾಕು. ಸ್ಕ್ರೂಡ್ರೈವರ್ ಹಾಕಿದರೆ ಒಂದು ತೂತಿನ ಜಾಗದಲ್ಲಿ ಎರಡಾಗುತ್ತವೆ. ಡಬ್ಬಿಯ ತಗಡಿಗೆ ಮೊಳೆಯಿಂದ ತೂತು ಹೊಡೆದರೆ ಟ್ಯೂಬು ಉಜ್ಜುವ ಹೆರೆಮಣೆ ಸಿದ್ಧ. ಸಲ್ಯೂಷನ್ ಹಚ್ಚಿದ ಮೇಲೆ ಕೈಗೆ ಅಂಟದಷ್ಟು ಒಣಗಲು ಬಿಟ್ಟು ತೇಪೆ ಹಾಕಿ. ಹುಡುಗರಿಗೆ ಇಷ್ಟು ತಾಳ್ಮೆ ಇರುವುದಿಲ್ಲ, ಅದಕ್ಕೇ ತೇಪೆ ಮರುದಿನ ಎದ್ದು ಬರುತ್ತದೆ. ಪೆಡಲಿನ ಕಾಟರ್ ಪಿನ್ನು ತೆಗೆಯುವಾಗ ಮಾತ್ರ ಸೈಕಲ್ ಕೆಳಗಿಳಿಸಿ. ಕೊಳವೆಬಾವಿಯ ಹಳೇ ಪೈಪಿನ ತುಂಡೊಂದನ್ನು ಪೆಡಲಿನ ತೋಳಿನ ಕೆಳಗೆ ನೆಲಕ್ಕೆ ಆನಿಸಿಟ್ಟು, ಪಿನ್ನು ಪೈಪಿನೊಳಗೆ ಇಳಿಯುವಂತೆ ಹೊಡೆಯಿರಿ. ಏಟು ನೆಲಕ್ಕೆ ಹೋಗುತ್ತದೆ, ಬೇರಿಂಗು ಉಳಿಯುತ್ತದೆ.

2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡಲಾರಂಭಿಸಿದ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ಗೋಡೆಗೆ ಒರಗಿ ತುಕ್ಕು ಹಿಡಿದಿವೆ. ಕೋವಿಡ್ ಬಂದ 2020ರ ಮೇಲೆ ಆ ಹಂಚಿಕೆ ನಿಂತಿತು. ಇದ್ದುದನ್ನೇ ಎತ್ತಿ ತೂಗುಹಾಕಿ, ಹೆಣ್ಣುಮಕ್ಕಳ ಕೈಗೂ ಚಾವಿ ಕೊಡಿ. ಬೆಳಿಗ್ಗೆ ಕ್ಯಾನು ತರುವವರು ಎಷ್ಟೋ ಕಡೆ ಅವರೇ ತಾನೇ?

ಇನ್ನು ನನ್ನ ವೃತ್ತಿಯ ಮಾತು. ಕೊಟ್ಟಿಗೆಯಲ್ಲಿ ರಿಪೇರಿ ಮಾಡುವಾಗ ಕತ್ತರಿಸಿದ ಸ್ಪೋಕಿನ ತುಂಡು, ತಂತಿ, ಮೊಳೆ ಕೆಳಗೆ ಬಿದ್ದು ಕಣಕಿಯೊಳಗೆ ಸೇರುತ್ತವೆ. ದನ ಮೇವನ್ನು ಆರಿಸಿ ತಿನ್ನುವುದಿಲ್ಲ, ಗಬಗಬನೆ ನುಂಗುತ್ತದೆ. ತಂತಿ ಜೇನುಗೂಡಿನಂಥ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ತೆಳುವಾದ ಪರದೆ ಅಷ್ಟೇ. ಚೂಪಾದ ತುದಿ ಮುಂದೆ ಸರಿದು ಹೃದಯದ ಚೀಲಕ್ಕೆ ಚುಚ್ಚಿದರೆ ಹಸು ಉಳಿಯುವುದು ಬಹಳ ಕಷ್ಟ. ಆದ್ದರಿಂದ ಮೇವಿನ ಜಾಗದಿಂದ ದೂರ ಸರಿದು, ಕೆಳಗೆ ಗೋಣಿಚೀಲ ಹಾಸಿಕೊಂಡೇ ಕೆಲಸ ಮಾಡಿ. ಕೆಟ್ಟ ರೇಡಿಯೋದ ಸ್ಪೀಕರಿನಲ್ಲಿ ಆಯಸ್ಕಾಂತವಿರುತ್ತದೆ. ಅದಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆದರೆ ಉಳಿದ ಕಬ್ಬಿಣದ ಚೂರುಗಳು ಅಂಟಿಕೊಂಡು ಬರುತ್ತವೆ. ಗ್ರೀಸ್ ಹತ್ತಿದ ಕೈ ಸೋಪಿನಿಂದ ತೊಳೆಯದೆ ಕೆಚ್ಚಲು ಮುಟ್ಟಬೇಡಿ.

ಹಸು ಏಕಾಏಕಿ ಮೇವು ಬಿಟ್ಟು, ಹಾಲು ಇಳಿದು, ಮುಂಗಾಲಿನ ಮೊಣಕೈ ಹೊರಗೆ ಚಾಚಿ, ಬೆನ್ನು ಬಾಗಿಸಿ ನಿಂತು, ಇಳಿಜಾರಿನಲ್ಲಿ ನಡೆಯಲು ಹಿಂಜರಿದು ನರಳುತ್ತಿದ್ದರೆ ಅಜೀರ್ಣವೆಂದು ಮನೆಮದ್ದು ಕುಡಿಸುತ್ತ ಕೂಡಬೇಡಿ. ಎದೆಯ ಕೆಳಗೆ ಬಾವು ಕಾಣುವ ಮೊದಲೇ, ಅದೇ ದಿನ, ನಮಗೆ ಹೇಳಿ ಕಳಿಸಿ.